ಕೃಷ್ಣ ಮೇಜಿನ ಕೆಳಗಿಂದ ಮಾತಾಡಬಾರದು

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಯಾವ ಅಂಗಡಿಗೆ ಹೋಗಿ "2.1 ಸ್ಪೀಕರ್ ತೋರ್ಸಿ" ಅಂದರೂ ಹುಡುಗರು ಮೊದಲು ಹಾಕುವುದು ಧಡ್ ಧಡ್ ಅನ್ನುವ ಹಾಡನ್ನೇ. ವೂಫರ್, ಅಂದರೆ ಬೇಸ್ ಅನ್ನುವ ತಗ್ಗು ದನಿ ಕೊಡುವ ಡಬ್ಬದ ತೂತಿನ ಮುಂದೆ ಕೈ ಹಿಡಿಯಲು ಹೇಳುತ್ತಾರೆ. ಗಾಳಿ ಬುಸ್ ಬುಸ್ ಅಂತ ಬೆರಳಿಗೆ ಹೊಡೆಯುತ್ತದೆ. "ಬೇಸ್ ನೋಡಿ ಸರ್, ಗೋಡೆ ಅಲ್ಲಾಡುತ್ತೆ!" ಪಕ್ಕದಲ್ಲಿದ್ದ ನನ್ನ ಭಾವಮೈದನ ಮುಖ ಅರಳಿತು. ನನಗೆ ಮಾತ್ರ ಗೋಡೆ ಅಲ್ಲಾಡಿಸುವ ಆಸೆ ಇರಲಿಲ್ಲ. ನಾವಿರುವುದು ವಿಜಯನಗರದಲ್ಲಿ, ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ. ಕೆಳಗೆ ಓನರ್ ಆಂಟಿ. ಒಂಬತ್ತೂವರೆಗೆಲ್ಲ ಮಲಗಿಬಿಡುತ್ತಾರೆ.

ನನ್ನದು ಲೆಕ್ಕಪತ್ರದ ಕೆಲಸ. ಆಡಿಟರ್ ಆಫೀಸಿನ ಕೆಲಸ ಅರ್ಧಕ್ಕರ್ಧ ಮನೆಗೇ ಬರುತ್ತದೆ. ರಾತ್ರಿ ಕೂತು ಜಿಎಸ್‌ಟಿ ರಿಟರ್ನ್ ತುಂಬುವಾಗ ಕಿವಿಗೆ ಏನಾದರೂ ಬೇಕು. ಶಿರಸಿ ಕಡೆಯವನಾದ್ದರಿಂದ ಆ ಏನಾದರೂ ಅಂದರೆ ತಾಳಮದ್ದಳೆಯೇ, ವೇಷ-ಕುಣಿತ ಇಲ್ಲದೆ ಭಾಗವತರು ಹಾಡಿ, ಅರ್ಥಧಾರಿಗಳು ಕೂತು ಪಾತ್ರವಾಗಿ ಮಾತಾಡುವ ಯಕ್ಷಗಾನ. ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಮೂರು-ನಾಲ್ಕು ಗಂಟೆಯ ರೆಕಾರ್ಡಿಂಗ್‌ಗಳು ಬೇಕಾದಷ್ಟಿವೆ. ಯಾವುದೋ ದೇವಸ್ಥಾನದ ಚಂದ್ರಶಾಲೆಯಲ್ಲಿ ಒಂದೇ ಮೈಕ್ ಇಟ್ಟು ಹಿಡಿದದ್ದು. ಮಧ್ಯೆ ಯಾರೋ ಕೆಮ್ಮುತ್ತಾರೆ, ಚಾ ಲೋಟ ಇಟ್ಟ ಸದ್ದು ಬರುತ್ತದೆ. ಅದೂ ಬೇಕು ನನಗೆ. ಮಾನಿಟರಿನೊಳಗೇ ಇರುವ ಸ್ಪೀಕರಿನಲ್ಲಿ ಇದನ್ನು ಕೇಳುವುದು ಶಿಕ್ಷೆ. ಮೊದಲಿದ್ದ ಚಿಕ್ಕ ಜೋಡಿ ಸ್ಪೀಕರಿನಲ್ಲಿ ಒಂದು ಕಿವುಡಾಗಿ ಬಹಳ ಕಾಲವಾಗಿತ್ತು.

ಬಜೆಟ್ಟು ಮೂರು ಸಾವಿರದ ಆಸುಪಾಸು. ಮಾತೇ ಮುಖ್ಯ ಅಂದಮೇಲೆ ವೂಫರ್ ಯಾಕೆ, ಎರಡು ಒಳ್ಳೆ ಸ್ಪೀಕರ್ ಸಾಕಲ್ವಾ ಅಂತ ನೀವು ಕೇಳಬಹುದು. ಸಾಕು ನಿಜ, ಮದ್ದಳೆ ಇಲ್ಲದಿದ್ದರೆ. ಭಾಗವತರು ಪದ ಎತ್ತಿದಾಗ ಮದ್ದಳೆಯ ಎಡಗೈಯಿಂದ ಬರುವ ಆ ತುಂಬು ಪೆಟ್ಟು ಎರಡಿಂಚಿನ ಸ್ಪೀಕರಿನಲ್ಲಿ ಹುಟ್ಟುವುದೇ ಇಲ್ಲ. ಬಲಗೈಯ ಟಕ್ ಟಕ್ ಮಾತ್ರ ಕೇಳುತ್ತದೆ. ಚೆಂಡೆಗೆ ಈ ತಾಪತ್ರಯ ಇಲ್ಲ, ಅದರ ದನಿಯೇ ಮೇಲಿನದು. ಮದ್ದಳೆಗೆ, ತಬಲಾದ ಡಗ್ಗಾಕ್ಕೆ, ತಂಬೂರಿಯ ಮಂದ್ರಕ್ಕೆ ಅದುರಿ ಸದ್ದು ಹುಟ್ಟಿಸುವ ಕೋನು ಸ್ವಲ್ಪ ದೊಡ್ಡದು ಬೇಕು, ಡಬ್ಬವೂ ಸ್ವಲ್ಪ ದೊಡ್ಡದು ಬೇಕು.

2.1ರಲ್ಲಿ ಆ ಎರಡು ಅಂದರೆ ಎಡ-ಬಲದ ಚಿಕ್ಕ ಸ್ಪೀಕರುಗಳು, ಸ್ಯಾಟಲೈಟ್ ಅನ್ನುತ್ತಾರೆ. ಆ ಒಂದು ಅಂದರೆ ನೆಲದ ಮೇಲೆ ಕೂರುವ ಸಬ್‌ವೂಫರ್. ಎಡಕ್ಕೊಂದು ಬಲಕ್ಕೊಂದು ವೂಫರ್ ಕೊಡದೆ ಒಂದರಲ್ಲೇ ಮುಗಿಸುವುದಕ್ಕೆ ಕಾರಣ ಇದೆ. ಸುಮಾರು 80 ಹರ್ಟ್ಸ್‌ಗಿಂತ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಅದುರು ಅನ್ನುವ ಲೆಕ್ಕ) ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತು ಅಂತ ನಮ್ಮ ಕಿವಿಗೆ ಸರಿಯಾಗಿ ತಿಳಿಯುವುದಿಲ್ಲ. 50 ಹರ್ಟ್ಸ್ ಸದ್ದಿನ ಒಂದು ಅಲೆಯೇ ಹತ್ತಿರಹತ್ತಿರ ಏಳು ಮೀಟರ್ ಉದ್ದ. ಎರಡು ಕಿವಿಗಳ ನಡುವಿನ ಗೇಣು ಅಂತರ ಅದಕ್ಕೆ ಲೆಕ್ಕವೇ ಅಲ್ಲ. ಹಾಗಾಗಿ ಡಬ್ಬವನ್ನು ಮೇಜಿನ ಕೆಳಗೆ ತಳ್ಳಿದರೂ ಸದ್ದು ಎದುರಿನಿಂದಲೇ ಬಂದ ಹಾಗೆ ಇರುತ್ತದೆ.

ಇರಬೇಕು, ಅಷ್ಟೆ. ಅಗ್ಗದ ಸೆಟ್‌ಗಳಲ್ಲಿ ಎಡವಟ್ಟಾಗುವುದು ಇಲ್ಲೇ.

ಕಾಸು ಉಳಿಸಬೇಕಾದಾಗ ಕಂಪನಿಗಳು ಮೊದಲು ಕೈ ಹಾಕುವುದು ಸ್ಯಾಟಲೈಟ್‌ಗಳಿಗೆ. ಅಂಗಡಿಯಲ್ಲಿ ಜನ ನೋಡುವುದು ದೊಡ್ಡ ಡಬ್ಬವನ್ನು ತಾನೇ? ಹಾಗಾಗಿ ಡಬ್ಬ ದೊಡ್ಡದಾಗಿರುತ್ತದೆ, ನೀಲಿ-ಕೆಂಪು ಲೈಟು ಮಿನುಗುತ್ತದೆ, ಸ್ಯಾಟಲೈಟ್ ಮಾತ್ರ ಎರಡಿಂಚಿನ ಕೋನಿನ ಪ್ಲಾಸ್ಟಿಕ್ ಚಿಪ್ಪು. ಅಂಥ ಚಿಪ್ಪಿಗೆ 200 ಹರ್ಟ್ಸ್‌ಗಿಂತ ಕೆಳಗೆ ಇಳಿಯುವ ತಾಕತ್ತು ಇರುವುದಿಲ್ಲ. ಆ ಜಾಗ ತುಂಬಲು ವೂಫರೇ 200ರವರೆಗೆ ಮೇಲೆ ಬರಬೇಕಾಗುತ್ತದೆ. ಗಂಡಸಿನ ದನಿಯ ಬುಡ ಇರುವುದು ಸುಮಾರು 85ರಿಂದ 180 ಹರ್ಟ್ಸ್ ಒಳಗೆ. ಅಂದರೆ ಅರ್ಥಧಾರಿಯ ದನಿಯ ತಳ ವೂಫರಿನಿಂದ ಬರುತ್ತದೆ, ತಲೆ ಸ್ಯಾಟಲೈಟಿನಿಂದ. 80ರ ಕೆಳಗೆ ದಿಕ್ಕು ತಿಳಿಯದ ಕಿವಿಗೆ 150ರಲ್ಲಿ ಚೆನ್ನಾಗಿಯೇ ತಿಳಿಯುತ್ತದೆ. ಸಂಧಾನಕ್ಕೆ ಬಂದ ಕೃಷ್ಣ ಕೌರವನ ಸಭೆ ಬಿಟ್ಟು ನನ್ನ ಮೇಜಿನ ಕೆಳಗೆ, ಕಾಲಿನ ಹತ್ತಿರ ಕೂತು ಮಾತಾಡಿದ ಹಾಗೆ ಆಗುತ್ತದೆ. ಉತ್ಪ್ರೇಕ್ಷೆ ಅಲ್ಲ. ಅಂಗಡಿಯಲ್ಲಿ ತೋರಿಸಿದ ಒಂದು ಸೆಟ್‌ನಲ್ಲಿ ಹೀಗೇ ಕೇಳಿತು. ಭಾವಮೈದನೂ ಬಗ್ಗಿ ನೋಡಿದ.

ಹಾಗಾಗಿ ನನ್ನ ಮಟ್ಟಿಗೆ ಅಗ್ಗದ 2.1 ಆರಿಸುವುದು ಅಂದರೆ ವೂಫರ್ ಆರಿಸುವುದಲ್ಲ. ಸ್ಯಾಟಲೈಟ್ ಆರಿಸುವುದು. ಕೋನು ಎರಡೂವರೆ-ಮೂರು ಇಂಚಾದರೂ ಇರಬೇಕು. ಕೈಯಲ್ಲಿ ಎತ್ತಿದರೆ ಸ್ವಲ್ಪ ಭಾರ ಅನ್ನಿಸಬೇಕು. ಬೆರಳ ಗಿಣ್ಣಿನಿಂದ ಕುಟ್ಟಿದರೆ ಟೊಳ್ಳು ಡಬ್ಬದ ಸದ್ದು ಬರಬಾರದು. ವೂಫರ್ ಡಬ್ಬ ಎಂಡಿಎಫ್ ಮರದ್ದಾದರೆ, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆಯದ್ದಾದರೆ ಒಳ್ಳೆಯದು. ತೆಳು ಪ್ಲಾಸ್ಟಿಕ್ ಆದರೆ ಡಬ್ಬವೇ ಹಾಡಿನ ಜೊತೆ ಕಂಪಿಸಿ ತನ್ನ ದನಿಯನ್ನೂ ಸೇರಿಸುತ್ತದೆ. ವೂಫರಿನ ಕೋನು ನಾಲ್ಕು-ಐದು ಇಂಚಿದ್ದರೆ ಬೆಂಗಳೂರಿನ ಬೆಡ್‌ರೂಮಿಗೆ ಧಾರಾಳ.

ಇನ್ನು ವ್ಯಾಟಿನ ಕತೆ. ಈ ವಿಷಯದಲ್ಲಿ ಮಾತ್ರ ನನ್ನೊಳಗಿನ ಲೆಕ್ಕದವನಿಗೆ ಸಿಟ್ಟೇ ಬರುತ್ತದೆ. ಕೆಲವು ಡಬ್ಬಗಳ ಮೇಲೆ 5000 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಪಕ್ಕದಲ್ಲಿ ಇರುವೆ ಗಾತ್ರದಲ್ಲಿ ಪಿ.ಎಂ.ಪಿ.ಓ., ಅಂದರೆ ಒಂದು ಕ್ಷಣದ ಗರಿಷ್ಠ ಪವರ್ ಅನ್ನುವ ಲೆಕ್ಕ. ಸುಮ್ನೆ ಲೆಕ್ಕ ಹಾಕಿ ನೋಡಿ. ಮನೆಯ ಸಾಮಾನ್ಯ 6 ಆಂಪಿಯರ್ ಪ್ಲಗ್ಗಿನಿಂದ 230 ವೋಲ್ಟಿನಲ್ಲಿ ಹೆಚ್ಚೆಂದರೆ ಬರುವುದು 1380 ವ್ಯಾಟ್. ಉಳಿದದ್ದನ್ನು ಎಲ್ಲಿಂದ ತರುತ್ತಾರೆ? ಪಿ.ಎಂ.ಪಿ.ಓ. ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಒಂದು ಅಳತೆಯೇ ಇಲ್ಲ. ಯಾರು ಎಷ್ಟು ಬೇಕಾದರೂ ಬರೆದುಕೊಳ್ಳಬಹುದು. ನೋಡಬೇಕಾದದ್ದು ಆರ್‌.ಎಂ.ಎಸ್., ಅಂದರೆ ನಿಲ್ಲದೆ ಕೊಡಬಲ್ಲ ಪವರ್. ಅದನ್ನೂ ನಂಬದವರು ಅಡಾಪ್ಟರ್ ತಿರುಗಿಸಿ ಓದಬೇಕು. 12 ವೋಲ್ಟ್, 2 ಆಂಪಿಯರ್ ಅಂತ ಇದ್ದರೆ ಒಳಗೆ ಹೋಗುವುದೇ 24 ವ್ಯಾಟ್. ಹೊರಗೆ ಸದಾ 100 ವ್ಯಾಟ್ ಬರುತ್ತದೆ ಅಂದರೆ ಅದು ಯಾವ ಖಾತೆಗೂ ಟ್ಯಾಲಿ ಆಗದ ಲೆಕ್ಕ.

ದೊಡ್ಡ ಕಂಪನಿಗಳು ಬರೆಯುವ ಆರ್‌.ಎಂ.ಎಸ್. ಅಂಕಿಗಳನ್ನು ನೋಡಿದರೆ ಅವು ಎಷ್ಟು ಚಿಕ್ಕವು ಅಂತ ಆಶ್ಚರ್ಯ ಆಗುತ್ತದೆ. ಲಾಜಿಟೆಕ್ ಝಡ್213ರದ್ದು ಒಟ್ಟು 7 ವ್ಯಾಟ್. ಝಡ್313ರದ್ದು 25: ವೂಫರಿಗೆ 15, ಎರಡು ಸ್ಯಾಟಲೈಟಿಗೆ ಐದೈದು. ಝಡ್333ರದ್ದು 40. ಇದೇ ಸಾಲಿನ ದುಬಾರಿ ಅಣ್ಣ ಝಡ್623ಕ್ಕೆ 200. 25ಕ್ಕೂ 40ಕ್ಕೂ ಭಾರೀ ವ್ಯತ್ಯಾಸ ಅನ್ನಿಸುತ್ತದೆ ಅಲ್ವಾ? ಸದ್ದಿನ ಜೋರನ್ನು ಅಳೆಯುವ ಲೆಕ್ಕದಲ್ಲಿ ಕಿವಿಗೆ ಅದು ಬರೀ 2 ಡೆಸಿಬೆಲ್. ಪವರ್ ಎರಡು ಪಟ್ಟಾದರೆ 3 ಡೆಸಿಬೆಲ್ ಏರುತ್ತದೆ. ಸದ್ದು ಎರಡರಷ್ಟಾಯಿತು ಅಂತ ಅನ್ನಿಸಬೇಕಾದರೆ ಪವರ್ ಸುಮಾರು ಹತ್ತು ಪಟ್ಟಾಗಬೇಕು. ಒಂದು ಮಾರು ದೂರದಲ್ಲಿ ಕೂತು ಕೇಳುವ ನನಗೆ 20-25 ವ್ಯಾಟ್ ಬೇಕಾದಷ್ಟಾಯಿತು. ಹಾಲಿನಲ್ಲಿ ಹತ್ತು ಜನ ಕೂತು ಸಿನಿಮಾ ನೋಡುವವರ ಲೆಕ್ಕ ಬೇರೆ. ಮೇಜಿನ ಕೆಳಗೆ ಜಾಗವೇ ಇಲ್ಲ, ಪ್ಲಗ್ ಪಾಯಿಂಟೂ ಖಾಲಿ ಇಲ್ಲ ಅನ್ನುವವರಿಗೆ ಯುಎಸ್‌ಬಿಯಿಂದಲೇ ಓಡುವ ಕ್ರಿಯೇಟಿವ್ ಪೆಬಲ್ ಪ್ಲಸ್ ತರಹದವು ಇವೆ. ಅವುಗಳ ವೂಫರ್ ಪುಟ್ಟದು. ನಾಲ್ಕಡಿ ಮೇಜಿಗೆ ಹೇಳಿ ಮಾಡಿಸಿದ್ದು, ರೂಮು ತುಂಬಿಸುವುದಕ್ಕಲ್ಲ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ನನ್ನದೇ ಸರಕು ಒಯ್ದಿದ್ದೆ. ಅವರು ಹಾಕುವ ಹಾಡಿನಲ್ಲಿ ಯಾವ ಸ್ಪೀಕರೂ ಚೆನ್ನಾಗಿಯೇ ಕೇಳುತ್ತದೆ. ಆರಿಸಿ ಇಟ್ಟುಕೊಂಡದ್ದೇ ಅಂಥ ಹಾಡನ್ನು. ನನ್ನದರಲ್ಲಿ ಭಾಗವತಿಕೆ-ಮದ್ದಳೆಯ ಒಂದು ತುಂಡು, ಅರ್ಥಗಾರಿಕೆಯ ಒಂದು ತುಂಡು, ಒಂದಿಷ್ಟು ವೀಣೆ ಇದ್ದವು. ಜೊತೆಗೆ ಒಂದೇ ಸ್ವರದಲ್ಲಿ ನಿಲ್ಲುವ ಬರೀ ಟೋನ್‌ಗಳು, 40, 50, 60, 80, 100 ಹರ್ಟ್ಸ್‌ದು. ಟೋನ್ ಮಾಡಿಕೊಡುವ ಆಪ್‌ಗಳು ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ.

ಮೊದಲು ಬೇಸ್ ನಾಬನ್ನು ಪೂರ್ತಿ ಕೆಳಗೆ ತಿರುಗಿಸಿ ಅಂದೆ. ಹುಡುಗ ನನ್ನ ಮುಖವನ್ನೇ ನೋಡಿದ. "ಸರ್, ಆಮೇಲೆ ವೂಫರ್ ಯಾಕೆ ತಗೊಳ್ತೀರಾ?" ತಿರುಗಿಸು ಮಾರಾಯ ಅಂದೆ. ವೂಫರ್ ಸುಮ್ಮನಾದಾಗ ಉಳಿಯುವುದು ಸ್ಯಾಟಲೈಟಿನ ನಿಜವಾದ ದನಿ. ಹಳೆಯ ಲ್ಯಾಂಡ್‌ಲೈನ್ ಫೋನು 300ರಿಂದ 3400 ಹರ್ಟ್ಸ್ ಮಾತ್ರ ಸಾಗಿಸುತ್ತಿತ್ತು. ಆ ಫೋನಿನಲ್ಲಿ ಮಾತಾಡಿದಷ್ಟು ಸಪೂರವಾಗಿ ದನಿ ಬಂದರೆ ಆ ಸೆಟ್ ಬೇಡ. ಆಮೇಲೆ ನಾಬನ್ನು ನಿಧಾನಕ್ಕೆ ಏರಿಸುತ್ತಾ ಹೋಗುವುದು. ಮಾತು ಸ್ವಲ್ಪ ಮೈದುಂಬಿತು, ಆದರೆ ಡಬ್ಬ ಎಲ್ಲಿದೆ ಅಂತ ಗೊತ್ತಾಗಲಿಲ್ಲ ಅನ್ನುವ ಜಾಗ ಒಂದು ಸಿಗಬೇಕು. ಕೆಲವು ಸೆಟ್‌ಗಳಲ್ಲಿ ಆ ಜಾಗ ಸಿಗುವುದೇ ಇಲ್ಲ. ಕಡಿಮೆ ಇದ್ದರೆ ಪೀಚು, ಒಂದು ಕೂದಲೆಳೆ ತಿರುಗಿಸಿದರೆ ಗುಮ್ಮ್.

ಆಮೇಲೆ ಟೋನ್. ಈ ದರದ ವೂಫರಿನಲ್ಲಿ 40 ಹರ್ಟ್ಸ್ ಬರಲಿ ಅಂತ ಆಸೆ ಪಡುವುದು ಅನ್ಯಾಯ. ಕೋನು ಹಿಂದೆ ಮುಂದೆ ಓಡಾಡುವುದು ಕಣ್ಣಿಗೆ ಕಾಣುತ್ತದೆ, ತೂತಿನಿಂದ ಫುಸ್ ಅನ್ನುವ ಗಾಳಿ ಬರುತ್ತದೆ, ಸ್ವರ ಬರುವುದಿಲ್ಲ. 60ರಿಂದ ಮೇಲೆ ಹೆಚ್ಚುಕಡಿಮೆ ಸಮನಾಗಿ ಬಂದರೆ ಸಾಕು. ಗೋಡೆ ಅಲ್ಲಾಡಿಸುತ್ತದೆ ಅಂದಿದ್ದರಲ್ಲ, ಆ ಸೆಟ್‌ನಲ್ಲಿ 60 ಕ್ಷೀಣ, 80ಕ್ಕೆ ಒಮ್ಮೆಲೇ ಕೂಗು, 100ಕ್ಕೆ ಇನ್ನೂ ಜೋರು. ಹೀಗೆ ಒಂದೇ ಕಡೆ ಉಬ್ಬಿದ ವೂಫರಿನಲ್ಲಿ ಮದ್ದಳೆಗೂ ಗುಮ್ಮು, ಗಿಟಾರಿಗೂ ಗುಮ್ಮು, ಬಾಗಿಲು ಬಡಿದರೂ ಅದೇ ಗುಮ್ಮು. ಐದು ನಿಮಿಷಕ್ಕೆ ಮಜಾ, ಒಂದು ಗಂಟೆಗೆ ತಲೆನೋವು.

ಕೊನೆಯ ಪರೀಕ್ಷೆಗೆ ಹಾಡೇ ಬೇಡ. ಪ್ಲೇಯರ್ ನಿಲ್ಲಿಸಿ, ವಾಲ್ಯೂಮ್ ಪೂರ್ತಿ ಏರಿಸಿ, ವೂಫರಿಗೆ ಕಿವಿ ಹಚ್ಚಿ ಕೂರುವುದು. ನಮ್ಮ ಕರೆಂಟು 50 ಹರ್ಟ್ಸ್‌ದು. ಸರ್ಕೀಟು ಸರಿ ಇಲ್ಲದಿದ್ದರೆ ಆ 50 ಸ್ಪೀಕರಿಗೂ ನುಸುಳಿ ಗುಂಯ್ ಅನ್ನುತ್ತದೆ. ಚಿಕ್ಕ ಸ್ಪೀಕರಿನಲ್ಲಿ ಅದು ಕೇಳುವುದೇ ಇಲ್ಲ, ಆದ್ದರಿಂದ ಸರ್ಕೀಟು ಕಳಪೆ ಇದ್ದರೂ ಬಚಾವ್. ವೂಫರ್ ಮಾತ್ರ ಅದನ್ನೂ, ಅದರ ದುಪ್ಪಟ್ಟಾದ 100ನ್ನೂ ನಿಷ್ಠೆಯಿಂದ ಹಾಡುತ್ತದೆ. ಎಸ್.ಪಿ. ರೋಡಿನ ಗದ್ದಲದಲ್ಲಿ ಇದು ಕೇಳುವುದು ಕಷ್ಟ. ಹೊರಗೆ ತಳ್ಳುಗಾಡಿ, ಸ್ಕೂಟರು, "ಸರ್ ಲ್ಯಾಪ್‌ಟಾಪ್ ಸರ್ವಿಸ್ ಬೇಕಾ" ಅನ್ನುವವರು. ಆದರೂ ಕಿವಿ ಒತ್ತಿ ಕೇಳಿದರೆ ಜೋರಾಗಿ ಗುಂಯ್‌ಗುಡುವುದು ತಿಳಿದೇ ತಿಳಿಯುತ್ತದೆ. ಅಲ್ಲಿ ಕೇಳಿದರೆ ಮನೆಯಲ್ಲಿ ರಾತ್ರಿ ನಿದ್ದೆ ಕೆಡಿಸುವುದು ಖಂಡಿತ.

ಆನ್‌ಲೈನಿನಲ್ಲಿ ಇನ್ನೂರು-ಮುನ್ನೂರು ಕಡಿಮೆಗೆ ಸಿಗುತ್ತಿತ್ತು. ಆದರೆ ಅಲ್ಲಿ ನಾಬು ತಿರುಗಿಸಿ ನೋಡಲು ಆಗುವುದಿಲ್ಲವಲ್ಲ. ಅಲ್ಲಿ ಬರೆದ ಅಭಿಪ್ರಾಯಗಳನ್ನು ಓದುವುದಾದರೆ "ಸೂಪರ್ ಬೇಸ್" ಅನ್ನುವವನ್ನು ಬಿಟ್ಟು, ಆರೇಳು ತಿಂಗಳು ಬಳಸಿದ ಮೇಲೆ ಬರೆದವನ್ನು ಹುಡುಕಿ. ವಾಲ್ಯೂಮ್ ನಾಬು ಕರಕರ ಅನ್ನುತ್ತಿದೆಯಾ, ಒಂದು ಕಡೆಯ ಸದ್ದು ಹೋಗಿದೆಯಾ, ಅಡಾಪ್ಟರ್ ಸುಟ್ಟಿದೆಯಾ ಅನ್ನುವುದು ಅಲ್ಲೇ ಸಿಗುತ್ತದೆ.

ನಾನು ತಂದದ್ದರ ಮಾಡೆಲ್ ನಂಬರು ಬರೆದು ಪ್ರಯೋಜನ ಇಲ್ಲ. ನೀವು ಹೋಗುವ ಹೊತ್ತಿಗೆ ಅದರ ಜಾಗದಲ್ಲಿ ಇನ್ನೊಂದು ಬಂದಿರುತ್ತದೆ. ಮರದ ಡಬ್ಬ, ಐದಿಂಚಿನ ವೂಫರ್, ಮೂರಿಂಚಿನ ಸ್ಯಾಟಲೈಟ್. ಬೇಸ್ ನಾಬು ಬೇರೆಯೇ ಇದೆ. ಸ್ಯಾಟಲೈಟ್ ವೈರುಗಳು ಕೆಂಪು-ಬಿಳಿ ಪಿನ್ನಿನವು, ಬಿಚ್ಚಿ ಉದ್ದದ ವೈರು ಹಾಕಿಕೊಳ್ಳಬಹುದು. ಇದನ್ನು ಯಾರೂ ಗಮನಿಸುವುದಿಲ್ಲ. ಡಬ್ಬದೊಳಗೇ ಬೆಸುಗೆ ಹಾಕಿದ ಮೋಟು ವೈರು ಬಂದರೆ ಎರಡು ಸ್ಯಾಟಲೈಟೂ ಮಾನಿಟರಿಗೆ ಅಂಟಿಕೊಂಡೇ ಕೂರಬೇಕು. ವಾಲ್ಯೂಮ್ ನಾಬು ಡಬ್ಬದ ಹಿಂಭಾಗದಲ್ಲಿದ್ದರಂತೂ ಪ್ರತಿ ಸಲವೂ ಮೇಜಿನ ಕೆಳಗೆ ತೂರಿ ನಮಸ್ಕಾರ ಮಾಡಬೇಕು.

ನಮ್ಮ ಮೆಟ್ರೋ ಪುರಾಣ ಹೇಳಿದರೆ ಉದ್ದವಾಗುತ್ತದೆ. ಚಿಕ್ಕಪೇಟೆಯಲ್ಲಿ ಹತ್ತಿ, ಮೆಜೆಸ್ಟಿಕ್‌ನಲ್ಲಿ ಆ ಜನಜಂಗುಳಿಯ ನಡುವೆ ಡಬ್ಬ ಎದೆಗವಚಿಕೊಂಡು ಲೈನ್ ಬದಲಿಸಿ ವಿಜಯನಗರಕ್ಕೆ ಬಂದೆವು ಅಂದರೆ ಸಾಕು.

ಮನೆಗೆ ತಂದ ಮೇಲೆ ಅರ್ಧ ಕೆಲಸ ಬಾಕಿ ಇರುತ್ತದೆ. ನನ್ನ ರೂಮು ಹತ್ತು-ಹನ್ನೊಂದಡಿಯದು. ಇಂಥ ರೂಮು ತಾನೇ 50-55 ಹರ್ಟ್ಸ್ ಹತ್ತಿರ ಮೊಳಗುತ್ತದೆ, ಎದುರುಬದುರು ಗೋಡೆಗಳ ನಡುವೆ ಅಲೆ ಸಿಕ್ಕಿಕೊಳ್ಳುವುದರಿಂದ. ವೂಫರನ್ನು ಮೂಲೆಗೆ ಒತ್ತಿದರೆ ಅದು ಇನ್ನೂ ಜಾಸ್ತಿ. ಜಾಗ ಹುಡುಕಲು ಒಂದು ಉಪಾಯ ಇದೆ. ನಾವು ಕೂರುವ ಕುರ್ಚಿಯ ಮೇಲೆ ವೂಫರ್ ಇಟ್ಟು, ಮದ್ದಳೆ ಹಾಕಿ, ನಾವು ನೆಲದ ಮೇಲೆ ಅಂಬೆಗಾಲಿಡುತ್ತಾ ಹೋಗುವುದು. ಯಾವ ಜಾಗದಲ್ಲಿ ಪೆಟ್ಟುಗಳು ಬಿಡಿಬಿಡಿಯಾಗಿ ಕೇಳುತ್ತವೋ ಅಲ್ಲಿ ವೂಫರ್ ಇಡಬೇಕು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಅಡುಗೆಮನೆಗೆ ಹೋದಳು. ಸಿಕ್ಕಿದ ಜಾಗ ಮೇಜಿನ ಬಲಗಾಲಿನ ಹತ್ತಿರ, ಗೋಡೆಯಿಂದ ಒಂದೂವರೆ ಅಡಿ ಈಚೆ.

ಇಷ್ಟಾದರೂ 70ರ ಟೋನಿಗೆ ಎಲ್ಲಿಂದಲೋ ಝಿರ್ ಅನ್ನುವ ಸದ್ದು. ಸ್ಪೀಕರಿನದೇ ದೋಷ ಅಂತ ಯಾರಾದರೂ ಅಂದುಕೊಳ್ಳಬೇಕು. ನೋಡಿದರೆ ಕಬ್ಬಿಣದ ಬೀರುವಿಗೆ ನೇತುಹಾಕಿದ್ದ ಬೀಗದಕೈ ಗೊಂಚಲು. ತೆಗೆದು ಮೊಳೆಗೆ ಹಾಕಿದೆ, ನಿಂತಿತು. ವೂಫರ್ ಅಡಿಗೆ ರಬ್ಬರ್ ಮ್ಯಾಟಿನ ತುಂಡು ಹಾಕಿದ್ದೇನೆ, ನೆಲಕ್ಕೆ ಇಳಿಯುವ ಅದುರು ಕಡಿಮೆಯಾಗಲಿ ಅಂತ. ಗಾಳಿಯಲ್ಲಿ ಹೋಗುವ ಬೇಸ್ ಗೋಡೆ ದಾಟುವುದನ್ನು ಮಾತ್ರ ಯಾವ ಮ್ಯಾಟೂ ತಡೆಯುವುದಿಲ್ಲ. ಮಾತು, ತಾಳ ಗೋಡೆಯಲ್ಲೇ ನಿಲ್ಲುತ್ತವೆ, ಗುಮ್ಮು ಮಾತ್ರ ಆಚೆ ಹೋಗುತ್ತದೆ. ಪಕ್ಕದ ಮನೆಯ ಹಾಡು ನಮಗೆ ಬರೀ ಗುಮ್ ಗುಮ್ ಅಂತ ಕೇಳುವುದು ಇದಕ್ಕೇ. ಒಂಬತ್ತೂವರೆ ಆದಮೇಲೆ ನಾನು ನಾಬನ್ನು ಕಾಲುಭಾಗಕ್ಕೆ ಇಳಿಸುತ್ತೇನೆ. ಆಂಟಿಯಿಂದ ಇದುವರೆಗೆ ಫೋನ್ ಬಂದಿಲ್ಲ.

ಸ್ಯಾಟಲೈಟ್‌ಗಳು ಮೇಜಿನ ಮೇಲೆ ಕೂತರೆ ನಮ್ಮ ಎದೆಗೆ ಹಾಡುತ್ತವೆ, ಕಿವಿಗಲ್ಲ. ಅಡಿಗೆ ಹಳೆಯ ಇನ್‌ಕಮ್ ಟ್ಯಾಕ್ಸ್ ಪುಸ್ತಕಗಳನ್ನು ಇಟ್ಟೆ. ಪ್ರತಿ ಬಜೆಟ್ಟಿಗೂ ಹೊಸದು ಬರುವುದರಿಂದ ಈ ಪುಸ್ತಕಗಳಿಗೆ ನಮ್ಮಲ್ಲಿ ಬರ ಇಲ್ಲ. ಈಗ ಕಿವಿಯ ಎತ್ತರಕ್ಕೆ ಬಂದಿವೆ, ಸ್ವಲ್ಪ ಒಳಮುಖವಾಗಿ ತಿರುಗಿಸಿದ್ದೇನೆ. ಇಷ್ಟೇ ಮಾಡಿದ್ದಕ್ಕೆ ಮಾತಿನ ಸ್ಪಷ್ಟತೆ ಎಷ್ಟು ಬದಲಾಯಿತು ಅಂದರೆ, ಇನ್ನೊಂದು ಸಾವಿರ ಹಾಕಿದ್ದರೂ ಅಂಗಡಿಯಲ್ಲಿ ಅದು ಸಿಗುತ್ತಿರಲಿಲ್ಲ.

ವೈರನ್ನು ಸಿಪಿಯು ಡಬ್ಬದ ಹಿಂದಿನ ಹಸಿರು ತೂತಿಗೇ ಹಾಕಿ. ಮುಂದಿನದಕ್ಕೆ ಹಾಕಿದರೆ ಕೆಲವು ಕಂಪ್ಯೂಟರಿನಲ್ಲಿ ಮೌಸ್ ಆಡಿಸಿದಾಗಲೆಲ್ಲ ಕಿರಿಕಿರಿ ಸದ್ದು ಬರುತ್ತದೆ. ಬ್ಲೂಟೂತ್ ಇದ್ದರೆ ಫೋನಿಗೆ ಅನುಕೂಲ. ಕಂಪ್ಯೂಟರಿನಲ್ಲಿ ವಿಡಿಯೋ ನೋಡುವಾಗ ತುಟಿ ಮೊದಲು, ಮಾತು ಆಮೇಲೆ ಆಗುವ ಸಂಭವ ಇದೆ. ವಿಂಡೋಸ್‌ನೊಳಗಿನ ಬೇಸ್ ಬೂಸ್ಟ್ ತೆಗೆದುಬಿಡಿ. ಬೇಸಿಗೆ ಒಂದು ನಾಬು ಸಾಕು. ಗುಂಯ್ ಅನ್ನುವ ಸದ್ದು ಮನೆಗೆ ಬಂದ ಮೇಲಷ್ಟೇ ಶುರುವಾದರೆ ಕಂಪ್ಯೂಟರನ್ನೂ ಸ್ಪೀಕರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ, ಅರ್ತಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಕರೆಂಟು ಹೋಗಿ ಇನ್ವರ್ಟರ್‌ಗೆ ಬಂದಾಗ ಮಾತ್ರ ಗುಂಯ್‌ಗುಟ್ಟಿದರೆ ಸ್ಪೀಕರನ್ನು ಬೈಯಬೇಡಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರ್ ಹಾಗೇ ಗೊಣಗುತ್ತದೆ.

ಭಾವಮೈದ ಏನು ತಗೊಂಡ ಅಂತ ನಾನಿನ್ನೂ ಹೇಳಲಿಲ್ಲ. ನನ್ನ ಟೋನು, ಮದ್ದಳೆ, ಲ್ಯಾಂಡ್‌ಲೈನ್ ಪಾಠ ಎಲ್ಲ ಕೇಳಿಸಿಕೊಂಡು, "ಭಾವ, ನೀ ಹೇಳಿದ್ದೆಲ್ಲ ಸರಿ. ಆದ್ರೆ ನಂಗೆ ಅದೇ ಬೇಕು" ಅಂದ. ಗೋಡೆ ಅಲ್ಲಾಡಿಸುವುದು. ಅವನ ಮನೆ ಯಲ್ಲಾಪುರದ ಹತ್ತಿರ, ಅಡಿಕೆ ತೋಟದ ತಲೆಗೆ. ಹತ್ತಿರದ ಇನ್ನೊಂದು ಮನೆಗೆ ಗುಡ್ಡ ಇಳಿದು ಹೋಗಬೇಕು. ಕೇಳುವುದು ಡಿಜೆ ಹಾಡು. ಹಾಗಿದ್ದ ಮೇಲೆ ನನ್ನ ಲೆಕ್ಕ ಅವನಿಗೆ ಯಾಕೆ ಅನ್ವಯಿಸಬೇಕು? ಒಂದು ಮಾತು ಮಾತ್ರ ಹೇಳಿದೆ. ಸಂಜೆ ನಿಮ್ಮಲ್ಲಿ ವೋಲ್ಟೇಜ್ ಬಿದ್ದು ಬಲ್ಬು ಕೆಂಪಗಾಗುತ್ತದಲ್ಲ, ಟ್ರಾನ್ಸ್‌ಫಾರ್ಮರಿನ ಸೆಟ್ ಆದರೆ ಆಗ ಅದರ ದನಿಯೂ ಬೀಳುತ್ತದೆ, ಹಿಂದೆ 100-240 ವೋಲ್ಟ್ ಅಂತ ಬರೆದಿದೆಯಾ ನೋಡು. ಹುಡುಗ ಡಬ್ಬ ತಿರುಗಿಸಿ ತೋರಿಸಿದ. ಬರೆದಿತ್ತು. ಇನ್ನೂರು ರೂಪಾಯಿ ಚೌಕಾಸಿ ಮಾಡಿ, ಬಿಲ್ಲು ಹಾಕಿಸಿ, ವಾರಂಟಿ ಕಾರ್ಡಿಗೆ ಸೀಲ್ ಒತ್ತಿಸಿಕೊಂಡ.